ಹಾಡಿಗೆ ಪಹಣಿ ಕೇಳಬೇಡಿ ಮೇಷ್ಟ್ರೇ

ಹಿಂದಿನ ಸಂಚಿಕೆಯಲ್ಲಿ ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದ ಗಾಯಕಿ ಸಿತಿ ಬಿಂತಿ ಸಾದ್ ಬಗ್ಗೆ ಪುಟ್ಟ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು: "ಆಕೆಯನ್ನು ಆಫ್ರಿಕಾದ ಸಾಂಪ್ರದಾಯಿಕ ಸಂಗೀತಕ್ಕೆ ದಾರಿ ಹಾಕಿದವರು ಅಂತ ಕರೆದಿದ್ದೀರಿ. ಆಕೆ ಹಾಡಿದ ತಾರಬ್ ಎಂಬ ಹಾಡುಗಾರಿಕೆ ಕೈರೋದಿಂದ ಬಂದದ್ದು. ಊದ್ ಎಂಬ ತಂತಿವಾದ್ಯ ಅರಬರದ್ದು, ಪಿಟೀಲು ಯುರೋಪಿನದ್ದು, ಧ್ವನಿಮುದ್ರಣ ಆದದ್ದು ಮುಂಬಯಿಯಲ್ಲಿ. ಇದರಲ್ಲಿ ಆಫ್ರಿಕಾ ಎಲ್ಲಿದೆ? ನಿಜವಾದ ಪರಂಪರೆ ಬೇಕಿದ್ದರೆ ಹಳ್ಳಿಯ ಡೋಲಿನವರ ಬಗ್ಗೆ ಬರೆಯಿರಿ."

ಮೇಷ್ಟ್ರೇ, ಪತ್ರ ನೋಡಿ ಖುಷಿಯಾಯಿತು. ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಇಂಥ ಪತ್ರ ಈಗ ಬರುವುದೇ ಅಪರೂಪ. ಡೋಲಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಎನ್ಗೋಮಾ ಅನ್ನುವ ಡೋಲು-ಕುಣಿತ ಆ ಕರಾವಳಿಯಲ್ಲಿ ತಾರಬ್‌ಗಿಂತ ಹಳೆಯದು. ಅದಕ್ಕೂ ಜಾಗ ಕೊಡಬೇಕು, ಕೊಡುತ್ತೇವೆ. ಅಷ್ಟು ಒಪ್ಪಿದ್ದಾಯಿತು. ಇನ್ನು ಜಗಳ.

ತಾರಬ್ ಕೈರೋದಿಂದ ಬಂತು ಅನ್ನುವುದೂ ಸುಳ್ಳಲ್ಲ. 1870ರಿಂದ 1888ರವರೆಗೆ ಜಾಂಜಿಬಾರ್ ಆಳಿದ ಸುಲ್ತಾನ್ ಬರ್ಘಾಶ್, ಮೊಹಮ್ಮದ್ ಇಬ್ರಾಹಿಂ ಎಂಬಾತನನ್ನು ಕೈರೋಗೆ ಕಳಿಸಿ ಸಂಗೀತ ಕಲಿಸಿದ. ಅರಮನೆಯಲ್ಲಿ ಅರಬ್ಬಿ ಹಾಡು ಶುರುವಾಯಿತು. 1905ರಲ್ಲಿ ಇಖ್ವಾನಿ ಸಫಾ ಎಂಬ ಸಂಗೀತ ಕ್ಲಬ್ ಹುಟ್ಟಿತು. ಹಾಡುವವರು ಗಂಡಸರು. ಕೇಳುವವರು ದೊಡ್ಡ ಮನೆಯವರು. ಮಾರುಕಟ್ಟೆಯಲ್ಲಿ ಸ್ವಾಹಿಲಿ ಮಾತಾಡಿಕೊಂಡಿದ್ದ ಜನಕ್ಕೂ ಈ ಅರಬ್ಬಿ ಹಾಡಿಗೂ ಏನೂ ಸಂಬಂಧವಿರಲಿಲ್ಲ. ನೀವು ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದೀರಿ. ಸಿತಿ ಬರುವುದು ಇದಾದ ಮೇಲೆ.

ಆಕೆ ಹುಟ್ಟಿದ್ದು 1880ರ ಆಸುಪಾಸು, ಫುಂಬಾ ಎಂಬ ಹಳ್ಳಿ, ಗುಲಾಮರ ಮನೆತನ. ಆಕೆಗೆ ಮೊದಲು ಇಟ್ಟ ಹೆಸರು ಮ್ತುಮ್ವಾ. ಗುಲಾಮ ಅಂತಲೇ ಅದರ ಅರ್ಥ. ಸಿತಿ ಎಂಬ ಗೌರವದ ಹೆಸರು ಎಷ್ಟೋ ವರ್ಷ ಬಿಟ್ಟು ಬಂದದ್ದು. ಜಾಂಜಿಬಾರ್‌ನಲ್ಲಿ ಗುಲಾಮಗಿರಿಯ ಮಾನ್ಯತೆ ರದ್ದಾದದ್ದು 1897ರಲ್ಲಿ, ಆದರೆ ಕಾಗದದ ಮೇಲೆ ರದ್ದಾದದ್ದು ಜನರ ಬಾಯಿಂದ ಅಷ್ಟು ಬೇಗ ಹೋಗುತ್ತದೆಯೇ? ಮನೆಯ ಕಸುಬು ಮಡಕೆ. ಮಡಕೆ ಹೊತ್ತು ಪಟ್ಟಣಕ್ಕೆ ನಡೆದು ಹೋಗಬೇಕು, ಕೂಗಿ ಮಾರಬೇಕು. ಆ ಕೂಗಿನಲ್ಲೇ ಗಂಟಲು ಪಳಗಿತು. 1911ರಲ್ಲಿ ಪಟ್ಟಣಕ್ಕೇ ಬಂದು ನೆಲೆಸಿದರು. ಕ್ಲಬ್ಬಿನ ಅಲಿ ಮುಹ್ಸಿನ್ ಎಂಬುವರು ಈ ದನಿಯನ್ನು ಗುರುತಿಸಿ ಪಾಠ ಹೇಳಿದರು. ನೆನಪಿಡಿ, ಆಗ ಆಕೆಗೆ ಮೂವತ್ತು ದಾಟಿತ್ತು. ನಮ್ಮಲ್ಲಾದರೆ "ಇನ್ನೇನು ಕಲಿತೀಯಮ್ಮ" ಅಂತ ಮನೆಗೆ ಕಳಿಸುವ ವಯಸ್ಸು.

ಕಲಿತದ್ದನ್ನು ಏನು ಮಾಡಿದರು ಅನ್ನುವುದೇ ಮುಖ್ಯ. ಅದೇ ಊದ್, ಅದೇ ಪಿಟೀಲು ಇಟ್ಟುಕೊಂಡು ಸ್ವಾಹಿಲಿಯಲ್ಲಿ ಹಾಡಿದರು. ನ್ಗಾಂಬೊ ಅಂದರೆ ಜಾಂಜಿಬಾರ್ ಪಟ್ಟಣದ ಆಚೆ ದಡ. ಕಲ್ಲುಕಟ್ಟಡದ ಶ್ರೀಮಂತರು ಈಚೆ, ಗುಡಿಸಲಿನವರು ಆಚೆ. ಅಲ್ಲಿನ ಮನೆಗಳಲ್ಲಿ ರಾತ್ರಿ ಜನ ಸೇರುವುದು, ಆ ವಾರ ಊರಲ್ಲಿ ಏನಾಯಿತೋ ಅದು ಹಾಡಾಗುವುದು. ಹೆಂಡತಿಗೆ ಹೊಡೆಯುವ ಗಂಡ, ದುಡ್ಡಿದ್ದವನ ಕಡೆ ವಾಲುವ ಕೋರ್ಟು, ಯಾರನ್ನೂ ಬಿಡಲಿಲ್ಲ.

'ಕಿಜಿತಿ' ಅನ್ನುವ ಹಾಡನ್ನೇ ತೆಗೆದುಕೊಳ್ಳಿ. ದಾರ್ ಎಸ್ ಸಲಾಮ್‌ನಿಂದ ನೆಂಟರ ಮನೆಗೆ ಬಂದ ಹೆಂಗಸೊಬ್ಬಳನ್ನು ಕಿಜಿತಿ ಎಂಬಾತ ಕರೆದೊಯ್ದು, ಕೆಡಿಸಿ, ಕೊಂದ. ಆಕೆ ಬಸುರಿ ಬೇರೆ. ಅವನು ತಪ್ಪಿಸಿಕೊಂಡು ಓಡಿಹೋದ. ಕೋರ್ಟು ಸಿಟ್ಟು ತೀರಿಸಿಕೊಂಡದ್ದು ಯಾರ ಮೇಲೆ? ಸತ್ತವಳ ಜೊತೆಗಿದ್ದ, ಸಾಕ್ಷಿ ಹೇಳಲು ಬಂದ ಹೆಂಗಸರ ಮೇಲೆ. ಕೊಂದವನು ಹೊಳೆ ದಾಟಿದ, ಸಾಕ್ಷಿಗಳು ಮುಳುಗಿದರು ಅನ್ನುವ ಅರ್ಥದ ಸಾಲು ಆ ಹಾಡಿನಲ್ಲಿದೆ. ಆ ಕಾಲದ ಪೊಲೀಸ್ ಕಡತ ಯಾರು ಓದುತ್ತಾರೆ ಹೇಳಿ? ಹಾಡು ಉಳಿಯಿತು. ಇದರಲ್ಲಿ ಆಫ್ರಿಕಾ ಎಲ್ಲಿದೆ ಅಂತ ಕೇಳಿದಿರಿ. ಇಲ್ಲಿದೆ ನೋಡಿ.

ಹೆಸರು ಬಂದ ಕೂಡಲೇ ಹೊಟ್ಟೆಕಿಚ್ಚಿನವರೂ ಬಂದರು. ಹಳ್ಳಿಯಿಂದ ಕನಿಕಿ ಸುತ್ತಿಕೊಂಡು ಬಂದವಳು ನೀನು, ಯಾವಾಗ ದೊಡ್ಡ ಮನುಷ್ಯಳಾದೆ, ಆ ದನಿ ಇಲ್ಲದಿದ್ದರೆ ಏನು ತಿನ್ನುತ್ತಿದ್ದೆ ಅಂತ ಅಣಕದ ಹಾಡು ಕಟ್ಟಿದರು. ಕನಿಕಿ ಅಂದರೆ ಗುಲಾಮರು ಉಡುತ್ತಿದ್ದ ಅಗ್ಗದ ಕಪ್ಪು ಬಟ್ಟೆ. ಸಿತಿ ಹಾಡಿನಲ್ಲೇ ತಿರುಗಿ ಕೊಟ್ಟರು: ಚೆಲುವೂ ದೊಡ್ಡದಲ್ಲ, ಕುಲವೂ ದೊಡ್ಡದಲ್ಲ, ಬುದ್ಧಿ ಇಲ್ಲದಿರುವುದೇ ಮನುಷ್ಯನಿಗೆ ನಷ್ಟ. ಗಾಯಕಿಯರನ್ನು ಹೊಗಳುವಾಗ "ದೈವದತ್ತ ಕಂಠ" ಅಂದು ಕೈತೊಳೆದುಕೊಳ್ಳುವ ನಮ್ಮ ವಿಮರ್ಶಕರು ಇದನ್ನು ಸ್ವಲ್ಪ ಗಮನಿಸಬೇಕು. ಹಾಡಿದ ಹೆಂಗಸಿಗೆ ಗಂಟಲು ಮಾತ್ರವಲ್ಲ, ತಲೆಯೂ ಇರುತ್ತದೆ.

ಇನ್ನು ಮುಂಬಯಿ. 1928ರಲ್ಲಿ ಗ್ರಾಮಫೋನ್ ಕಂಪನಿಯವರು ಸಿತಿಯನ್ನೂ ಸಂಗಡಿಗರನ್ನೂ ಹಡಗಿನಲ್ಲಿ ಕರೆಸಿಕೊಂಡು, ನಾಯಿ ಗುರುತಿನ ಹಿಸ್ ಮಾಸ್ಟರ್ಸ್ ವಾಯ್ಸ್ ಪ್ಲೇಟುಗಳಿಗೆ ಹಾಡಿಸಿಕೊಂಡರು. ಪೂರ್ವ ಆಫ್ರಿಕಾದಿಂದ ಪ್ಲೇಟು ಕೊಟ್ಟ ಮೊದಲ ಹೆಂಗಸು ಆಕೆ. 1931ರ ಹೊತ್ತಿಗೆ ಈ ತಂಡದ ಪ್ಲೇಟುಗಳು 70 ಸಾವಿರಕ್ಕೂ ಹೆಚ್ಚು ಮಾರಾಟವಾದವು ಎಂಬ ಲೆಕ್ಕವಿದೆ. ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. ನ್ಗಾಂಬೊದಲ್ಲಿ ರಾತ್ರಿಯಿಡೀ ಬೆಳೆಯುತ್ತಿದ್ದ ಹಾಡನ್ನು ಅಷ್ಟಕ್ಕೆ ಕತ್ತರಿಸಬೇಕಾಯಿತು, ಅದು ನಷ್ಟವೇ. ಆದರೆ ಅದೇ ಪ್ಲೇಟುಗಳು ಓದುಬರಹ ಬಾರದವರಿಗೂ ತಮ್ಮ ಭಾಷೆಯನ್ನು ಪೆಟ್ಟಿಗೆಯೊಳಗಿಂದ ಕೇಳಿಸಿದವು. ಆ ವರ್ಷಗಳಲ್ಲೇ ನ್ಗಾಂಬೊದ ಜನ ನೆಲಬಾಡಿಗೆ ಕಟ್ಟುವುದಿಲ್ಲ ಅಂತ ಮುಷ್ಕರ ಹೂಡಿದ್ದು. ಹಾಡಿನಿಂದ ಮುಷ್ಕರವಾಯಿತು ಅಂತ ನಾನು ಹೇಳುತ್ತಿಲ್ಲ. ಎರಡೂ ಒಂದೇ ಓಣಿಯಲ್ಲಿ ಹುಟ್ಟಿದವು, ಅಷ್ಟೇ.

ಮುಂಬಯಿ ಅಂದಾಗ ಇನ್ನೊಂದು ನೆನಪಾಯಿತು. 1902ರಲ್ಲೇ ಕಲ್ಕತ್ತೆಯಲ್ಲಿ ಪ್ಲೇಟು ಕೊಟ್ಟ ಗಾಯಕಿ ಗೌಹರ್ ಜಾನ್, 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಆಕೆಯ ತಂದೆ ಅರ್ಮೇನಿಯನ್ ಮೂಲದವರು. ಹಾಗಂತ ಅವರ ಠುಮ್ರಿ ನಮ್ಮದಲ್ಲ ಅಂತ ಯಾರಾದರೂ ಅಂದಿದ್ದಾರೆಯೇ? ಪಿಟೀಲಿಗೆ ಏಳು ತಂತಿ ಹೂಡಿದ ಚೌಡಯ್ಯನವರನ್ನು ಯುರೋಪಿನವರ ಲೆಕ್ಕಕ್ಕೆ ಬರೆದಿದ್ದೇವೆಯೇ? ನಮ್ಮ ವಿಷಯ ಬಂದಾಗ ಧಾರಾಳ. ಆಫ್ರಿಕಾದವರು ಮಾತ್ರ ಡೋಲು ಹಿಡಿದು ಹಳ್ಳಿಯಲ್ಲೇ ಕೂರಬೇಕು, ಇಲ್ಲದಿದ್ದರೆ ಅಸಲಿಯಲ್ಲ! ಇದನ್ನು ನೀವು ಬೇಕಂತ ಹೇಳಿದ್ದಲ್ಲ ಬಿಡಿ. ಆದರೂ ಹೇಳಿದ್ದೀರಿ.

ಹಾಗೆ ನೋಡಿದರೆ ಹಾರ್ಮೋನಿಯಂ ನಮ್ಮದಲ್ಲ ಅಂತ ಆಕಾಶವಾಣಿಯಿಂದಲೇ ಅದನ್ನು 1940ರಲ್ಲಿ ಹೊರಗಿಟ್ಟಿದ್ದರು. ಎಷ್ಟೋ ದಶಕ ಅದೇ ಹಾಡು. ಊರೂರಿನ ಭಜನೆ ಮನೆಯಲ್ಲಿ, ಕಂಪನಿ ನಾಟಕದಲ್ಲಿ ಅದು ಆರಾಮಾಗಿ ಬಾರಿಸಿಕೊಂಡೇ ಇತ್ತು. ಕಚೇರಿಯಲ್ಲಿ ಕೂತವರು ಪರಂಪರೆಗೆ ಪಹಣಿ ಕೇಳಿದಾಗಲೆಲ್ಲ ಹೀಗೇ ಆಗುವುದು. ಈಗಂತೂ ಈ ಕೆಲಸಕ್ಕೆ ಕಚೇರಿಯೂ ಬೇಡ, ವಾಟ್ಸಾಪ್ ಸಾಕು. ಯಾವ ತಿಂಡಿ ಯಾರದ್ದು, ಯಾವ ದೇವರ ಹಾಡು ಯಾರು ಹಾಡಬಾರದು ಅಂತ ಬೆಳಗ್ಗೆ ಎದ್ದರೆ ಹತ್ತು ತೀರ್ಪು ಬಂದು ಬಿದ್ದಿರುತ್ತವೆ.

ನನ್ನ ನಿಜವಾದ ದುಃಖ ಬೇರೆಯದೇ. ಸಿತಿಯ ಜೊತೆ ವಾದ್ಯ ನುಡಿಸಿದ ಸುಬೇತ್ ಅಂಬಾರ್, ಬುಡಾ ಬಿನ್ ಮ್ವೆಂಡೊ, ಮ್ಬಾರುಕ್ ಇವರೆಲ್ಲ ಎಷ್ಟು ಜನಕ್ಕೆ ಗೊತ್ತು? ನಮ್ಮ ಪತ್ರಿಕೆಗಳೂ ಕಡಿಮೆಯಿಲ್ಲ. ಗಾಯಕರಿಗೆ ಎರಡು ಕಾಲಂ, ತಬಲಾದವರಿಗೆ "ಉತ್ತಮ ಸಾಥ್ ನೀಡಿದರು". ಹಳೇ ಪ್ಲೇಟುಗಳದ್ದು ಇನ್ನೂ ಕೆಟ್ಟ ಕಥೆ. ನನ್ನ ಸಂಬಂಧಿಕರೊಬ್ಬರು ಅಟ್ಟದ ಮೇಲಿದ್ದ ಒಂದು ಪೆಟ್ಟಿಗೆ ಪ್ಲೇಟನ್ನು ಗುಜರಿಗೆ ಹಾಕಿ, ಪೆಟ್ಟಿಗೆ ಮಾತ್ರ ಉಳಿಸಿಕೊಂಡರು. ಈರುಳ್ಳಿ ಇಡಲು ಬೇಕಂತೆ.

ಸಿತಿ ತೀರಿಕೊಂಡದ್ದು 1950ರಲ್ಲಿ. ಅದೃಷ್ಟಕ್ಕೆ, ಸ್ವಾಹಿಲಿಯ ದೊಡ್ಡ ಕವಿ ಶಾಬಾನ್ ರಾಬರ್ಟ್ ಕೊನೆಗಾಲದಲ್ಲಿ ಆಕೆಯನ್ನು ಕಂಡು ಮಾತಾಡಿಸಿದ್ದರು, ಜೀವನಚರಿತ್ರೆ ಬರೆದರು. ತಾಂಜಾನಿಯಾದ ಪತ್ರಕರ್ತೆಯರ ಸಂಘ 1988ರಲ್ಲಿ ಹೆಂಗಸರಿಗಾಗಿ ಶುರುಮಾಡಿದ ಪತ್ರಿಕೆಗೆ 'ಸಿತಿಯ ದನಿ' ಅಂತಲೇ ಹೆಸರಿಟ್ಟಿತು. ಇನ್ನು ಜಾಂಜಿಬಾರ್‌ನದೇ ಗಾಯಕಿ ಬಿ ಕಿದೂಡೆ. ಹುಡುಗಿಯಾಗಿದ್ದಾಗ ಸಿತಿಯ ಹಾಡು ಕೇಳಿ ಕೇಳಿಯೇ ಕಲಿತವರು, 2013ರಲ್ಲಿ ತೀರಿಕೊಳ್ಳುವವರೆಗೂ ಅವನ್ನು ಹಾಡಿದರು. ಅದೇ ಕಿದೂಡೆ ಮೈನೆರೆದ ಹುಡುಗಿಯರಿಗೆ ಬುದ್ಧಿ ಹೇಳುವ ಉನ್ಯಾಗೊ ಶಾಸ್ತ್ರದಲ್ಲಿ ಸೊಂಟಕ್ಕೆ ಡೋಲು ಕಟ್ಟಿಕೊಂಡು ಬಾರಿಸುತ್ತಿದ್ದರು. ನಿಮ್ಮ ಡೋಲೂ ನಿಮಗೆ ಬೇಡವಾದ ತಾರಬ್ಬೂ ಒಬ್ಬರೇ ಮುದುಕಿಯ ಹತ್ತಿರ ಇದ್ದವು ಮೇಷ್ಟ್ರೇ. ಅವರಿಗೇನೂ ತೊಂದರೆಯಾಗಲಿಲ್ಲ.

ಕೊನೆಯದಾಗಿ ಒಂದು ಸಣ್ಣ ತಕರಾರು. ನಾಲ್ಕು ಪುಟದಲ್ಲಿ ಎಲ್ಲಿಯೂ ನೀವು ಆಕೆಯ ಹಾಡು ಕೇಳಿದೆ ಅಂತ ಬರೆದಿಲ್ಲ. ಹಳೇ ಪ್ಲೇಟುಗಳ ಕೆಲವು ಹಾಡು ಈಗ ಮೊಬೈಲಿನಲ್ಲೇ ಸಿಗುತ್ತವೆ. ಚರಚರ ಸದ್ದು ಜಾಸ್ತಿ, ಮೊದಲ ಸಲಕ್ಕೆ ಕಿವಿಗೆ ಹತ್ತುವುದಿಲ್ಲ, ಎರಡನೇ ಸಲ ಕೇಳಿ. ಆಮೇಲೂ ಜಗಳ ಇದ್ದರೆ ಬರೆಯಿರಿ. ಎಂಟು ಪುಟವಾದರೂ ಹಾಕುತ್ತೇನೆ.