ಅಣ್ಣನನ್ನು ಕೇಳಿದ್ದೀರಾ?

ಓದುಗರೊಬ್ಬರ ಪತ್ರ: ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ. ಮಾತ್ರೆ ಶುರುವಾದ ಮೇಲೆ ತೂಕ ಏರಿ, ಈಗ ಸಕ್ಕರೆ ಕಾಯಿಲೆಯೂ ಬಂದಿದೆ. ಊಟಕ್ಕೆ, ಬೆಳಗಿನ ವಾಕಿಂಗಿಗೆ ಟೈಮ್‌ಟೇಬಲ್ ಹಾಕಿಕೊಟ್ಟೆವು. ಸಿಗರೇಟು ಬಚ್ಚಿಟ್ಟೆವು. ಏನೂ ಕೇಳುತ್ತಿಲ್ಲ. ಅವನಿಗೆ ಬುದ್ಧಿ ಹೇಳುವುದು ಹೇಗೆ?

ಸಂಪಾದಕರ ಉತ್ತರ: ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಹೆಚ್ಚಿನವರ ಜೀವ ತೆಗೆಯುವುದು ಹೃದಯ, ಶ್ವಾಸಕೋಶ, ಸಕ್ಕರೆಯಂಥ ಮಾಮೂಲಿ ಕಾಯಿಲೆಗಳೇ.

ಆದರೆ ಇಡೀ ಪತ್ರದಲ್ಲಿ ಅಣ್ಣ ಏನಂದರು ಅಂತ ಒಂದು ಸಾಲೂ ಇಲ್ಲ. ಅವರು ಬೆಳಿಗ್ಗೆ ಯಾಕೆ ಏಳುವುದಿಲ್ಲ? ರಾತ್ರಿಯ ಮಾತ್ರೆಯ ಮಂಪರು ಇಳಿದಿರಲಿಕ್ಕಿಲ್ಲ. ಯಾಕೆ ಅಷ್ಟು ತಿನ್ನುತ್ತಾರೆ? ಈ ಕಾಯಿಲೆಗೆ ಕೊಡುವ ಒಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಿಗಳು ಹಸಿವನ್ನೇ ಜಾಸ್ತಿ ಮಾಡುತ್ತವೆ. ಅದನ್ನು ಬಾಯಿಚಪಲ ಎಂದು ಬೈದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಇದನ್ನೇ ಅವರು ಡಾಕ್ಟರ ಮುಂದೆ ಹೇಳಿದರೆ ದಾರಿಗಳಿವೆ: ಮಾತ್ರೆಯ ಹೊತ್ತು ಬದಲಿಸಬಹುದು, ಬೇರೆ ಔಷಧಿ ನೋಡಬಹುದು, ತೂಕ ಏರದಂತೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಬಹುದು. ತಾವಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

ಸಿಗರೇಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೊಗೆಯಿಂದಾಗಿ ಲಿವರ್ ಒಲಾಂಜಪಿನ್, ಕ್ಲೋಜಪಿನ್ ಎರಡನ್ನೂ ಬೇಗ ಕರಗಿಸುತ್ತದೆ. ಸೇದುವುದು ಏಕಾಏಕಿ ನಿಂತರೆ ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತದೆ. ಡೋಸ್ ಇಳಿಸಬೇಕಾಗಬಹುದು, ಇಲ್ಲದಿದ್ದರೆ ಮಂಪರು, ತಲೆಸುತ್ತು, ಕೆಲವೊಮ್ಮೆ ಫಿಟ್ಸ್ ಕೂಡ. ಬಚ್ಚಿಟ್ಟು ಬಿಡಿಸುವ ಕೆಲಸ ಇದಲ್ಲ. ಬಿಡುವ ದಿನವನ್ನು ಅವರೇ ಗೊತ್ತುಮಾಡಲಿ, ಡಾಕ್ಟರಿಗೆ ಮೊದಲೇ ತಿಳಿಸಲಿ. ಈ ಕಾಯಿಲೆ ಇರುವವರಲ್ಲೂ ಬಿಡಬೇಕೆಂಬ ಆಸೆ ಇರುವವರು ಬೇಕಾದಷ್ಟು ಜನ. ಸಿಗರೇಟಿನ ಚಟ ಬಿಡಲು ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚ್ ಇವರಿಗೂ ಆಗುತ್ತದೆ.

ಡಾಕ್ಟರ ಕೋಣೆಯಲ್ಲಿ ಏನಾಗುತ್ತದೆ ಗಮನಿಸಿ. ಅಣ್ಣ ಎದುರಿಗೇ ಕೂತಿದ್ದರೂ "ಇವರು ಹೇಗಿದ್ದಾರೆ?" ಎಂಬ ಪ್ರಶ್ನೆ ನಿಮಗೆ ಬರುತ್ತದೆ, ಅಲ್ವಾ? ಮುಂದಿನ ಸಲ ನೀವು ಉತ್ತರ ಕೊಡಬೇಡಿ, ಅವರ ಕಡೆ ತಿರುಗಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ರಿಪೋರ್ಟು ಅವರ ಕೈಯಲ್ಲೇ ಇರಲಿ. ಎದೆನೋವು ಎಂದರೆ ಅದನ್ನು ಮನಸ್ಸಿನ ಕಾಯಿಲೆಯ ಖಾತೆಗೆ ಹಾಕಿ ಕಳಿಸಲು ಬಿಡಬೇಡಿ.

ಯಾವುದರಿಂದ ಶುರುಮಾಡೋಣ ಎಂದು ಅವರನ್ನೇ ಕೇಳಿ. ಅವರು ಹಲ್ಲುನೋವು ಎನ್ನಬಹುದು, ನಿಮ್ಮ ಪಟ್ಟಿಯಲ್ಲಿ ಅದು ಇಲ್ಲದಿರಬಹುದು. ಅಲ್ಲಿಂದಲೇ ಶುರುಮಾಡಿ. ಕಾಯಿಲೆ ಉಲ್ಬಣಿಸಿದಾಗ ಹೀಗೆ ಕೂತು ಮಾತಾಡಲು ಆಗುವುದಿಲ್ಲ, ಆಗ ನೀವೇ ಮುಂದೆ ನಿಲ್ಲಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನು ಬೇಡ ಎಂಬುದನ್ನು ಅವರು ಚೆನ್ನಾಗಿರುವಾಗಲೇ ಅವರ ಕೈಯಲ್ಲಿ ಬರೆಸಿಟ್ಟುಕೊಳ್ಳಿ.