ಚೀನಾದಲ್ಲೂ ಉತ್ತರ–ದಕ್ಷಿಣ ಅನ್ನೋ ಜಗಳ ಇದೆಯಾ?

"ನಮ್ಮಲ್ಲಿ ಸದಾ ಉತ್ತರ ಭಾರತ, ದಕ್ಷಿಣ ಭಾರತ ಅಂತ ಕಿತ್ತಾಟ. ಚೀನಾದಲ್ಲಿ ಎಲ್ಲರೂ ಒಂದೇ ತರಹದ ಜನ, ಅದಕ್ಕೇ ಅವರು ಮುಂದೆ ಹೋದರು ಅಂತಾರೆ. ಇದು ನಿಜವಾ?" ಅಂತ ಕೇಳಿದ್ದೀರಿ.

ಅವರು ಮುಂದೆ ಹೋಗಿದ್ದಕ್ಕೆ ಕಾರಣಗಳು ಹತ್ತಾರು ಇರಬಹುದು. ಆದರೆ ಎಲ್ಲರೂ ಒಂದೇ ತರಹ ಇರೋದು ಅದರಲ್ಲಿ ಒಂದಲ್ಲ, ಯಾಕಂದರೆ ಅವರು ಹಾಗಿಲ್ಲ. ಓದಿಗಾಗಿ ನಾನು ಕೆಲವು ವರ್ಷ ಪೂರ್ವ ಚೀನಾದ ನಾನ್‌ಜಿಂಗ್ ನಗರದಲ್ಲಿದ್ದೆ. ಅಲ್ಲಿ ಇಬ್ಬರು ಹೊಸದಾಗಿ ಪರಿಚಯವಾದರೆ, ಹೆಸರು ಹೇಳಿದ ಮೇಲೆ ಬರುವ ಮೊದಲ ಪ್ರಶ್ನೆ ಊರು ಯಾವುದು ಅಂತ. ಊರು ಗೊತ್ತಾಯಿತೋ, ಗುಣವೂ ಗೊತ್ತಾದ ಹಾಗೆ. ಶಾನ್‌ಡಾಂಗಿನವನಾ? ಹಾಗಾದರೆ ಚೆನ್ನಾಗಿ ಕುಡಿಯುತ್ತಾನೆ. ಶಾಂಘೈನವಳಾ? ದುಡ್ಡಿನ ಲೆಕ್ಕ ಬಿಗಿ. ಹೆನಾನಿನವನಾ? ಜೇಬು ಹುಷಾರು. ಈ ಕೊನೆಯದಂತೂ ಶುದ್ಧ ಅನ್ಯಾಯ. ಬಡ ಪ್ರಾಂತ್ಯದವರ ತಲೆಗೆ ಕಟ್ಟಿದ ಹಣೆಪಟ್ಟಿ, ಅಷ್ಟೇ.

ಉತ್ತರ, ದಕ್ಷಿಣ ಅಂತ ಭಾಗ ಮಾಡಲು ಒಂದು ಗೆರೆಯೂ ಇದೆ. ಪಶ್ಚಿಮದಲ್ಲಿ ಚಿನ್‌ಲಿಂಗ್ ಬೆಟ್ಟಸಾಲು, ಪೂರ್ವದಲ್ಲಿ ಹುವಾಯ್ ನದಿ, ಇವೆರಡನ್ನು ಸೇರಿಸಿದರೆ ಬರುವ ಗೆರೆ. ಈ ಗೆರೆಯ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದರ ದಕ್ಷಿಣಕ್ಕೆ ಮಳೆ ಜಾಸ್ತಿ, ಅಲ್ಲಿ ಭತ್ತ. ಉತ್ತರಕ್ಕೆ ಮಳೆ ಕಮ್ಮಿ, ಅಲ್ಲಿ ಗೋಧಿ. ಹೊಸವರ್ಷದ ರಾತ್ರಿ ಉತ್ತರದವರ ಮನೆಯಲ್ಲಿ ಗೋಧಿಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿದ ಜಿಯಾವೊಝಿ, ದಕ್ಷಿಣದ ಎಷ್ಟೋ ಕಡೆ ಅಂಟಕ್ಕಿಯ ನಿಯಾನ್‌ಗಾವ್. ಮೆತ್ತನೆ ತೋಫುವಿಗೆ ಉಪ್ಪು ಹಾಕಬೇಕೋ ಸಕ್ಕರೆ ಪಾಕ ಹಾಕಬೇಕೋ ಅಂತ ಪ್ರತಿವರ್ಷ ಇಂಟರ್ನೆಟ್ಟಿನಲ್ಲಿ ದೊಡ್ಡ ಯುದ್ಧವೇ ನಡೆಯುತ್ತದೆ. ಅದು ಸುಮ್ನೆ ತಮಾಷೆ, ಯಾರ ಮನಸ್ಸೂ ನೋಯುವುದಿಲ್ಲ.

ಚಳಿಯ ವಿಷಯ ಮಾತ್ರ ತಮಾಷೆಯಲ್ಲ. 1950ರ ದಶಕದಲ್ಲಿ ಸರ್ಕಾರ ಕಲ್ಲಿದ್ದಲು ಸುಟ್ಟು, ಕೊಳವೆಗಳಲ್ಲಿ ಬಿಸಿನೀರು ಹರಿಸಿ ಇಡೀ ಊರಿನ ಕಟ್ಟಡಗಳನ್ನು ಬೆಚ್ಚಗಿಡುವ ವ್ಯವಸ್ಥೆ ತಂದಿತು. ಖರ್ಚಿಗೆ ಕಡಿವಾಣ ಬೇಕಲ್ಲ, ಹೆಚ್ಚುಕಡಿಮೆ ಇದೇ ಗೆರೆಯ ಉತ್ತರಕ್ಕೆ ಮಾತ್ರ ಕೊಟ್ಟಿತು. ನಾನ್‌ಜಿಂಗ್ ಗೆರೆಯ ದಕ್ಷಿಣಕ್ಕಿದೆ. ಮೈನಸ್ 20 ಡಿಗ್ರಿ ಕಂಡ, ಉತ್ತರದ ತುದಿಯ ಹಾರ್ಬಿನ್ ನಗರದ ಹುಡುಗರು ನಮ್ಮ ಹಾಸ್ಟೆಲ್ಲಿಗೆ ಬಂದು, ಕೋಟು ಹಾಕಿಕೊಂಡೇ ಮಲಗಿ, ದಕ್ಷಿಣಕ್ಕೆ ಶಾಪ ಹಾಕುತ್ತಿದ್ದರು. ಆದರೆ ಬೆಚ್ಚಗಿದ್ದವರೂ ಬೆಲೆ ತೆತ್ತಿದ್ದಾರೆ. ಆ ಕಲ್ಲಿದ್ದಲಿನ ಹೊಗೆಯಿಂದ ಉತ್ತರದವರ ಆಯಸ್ಸು ಸರಾಸರಿ 3 ವರ್ಷದಷ್ಟು ಕಡಿಮೆಯಾಗಿದೆ ಅಂತ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಭಾಷೆಯ ಜಗಳವೂ ಇದೆ. ಬೀಜಿಂಗಿನವನಿಗೆ ದಕ್ಷಿಣದ ಗುವಾಂಗ್‌ಝೌ ಕಡೆಯ ಮಾತಾದ ಕ್ಯಾಂಟನೀಸ್ ಅರ್ಥವಾಗುವುದಿಲ್ಲ. ಟಿವಿಯಲ್ಲಿ ಹೆಚ್ಚುಕಡಿಮೆ ಎಲ್ಲ ಕಾರ್ಯಕ್ರಮಕ್ಕೂ ಕೆಳಗೆ ಅಕ್ಷರ ಬರುವುದಕ್ಕೆ ಇದೂ ಒಂದು ಕಾರಣ. 2010ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಮುಂಚೆ, ಗುವಾಂಗ್‌ಝೌ ಟಿವಿಯ ಮುಖ್ಯ ಕಾರ್ಯಕ್ರಮಗಳನ್ನು ಕ್ಯಾಂಟನೀಸ್‌ನಿಂದ ದೇಶದ ಅಧಿಕೃತ ಭಾಷೆ ಮ್ಯಾಂಡರಿನ್‌ಗೆ ಬದಲಾಯಿಸಬೇಕು ಅನ್ನುವ ಸಲಹೆ ಬಂತು. ಜನ ಬೀದಿಗಿಳಿದರು. ಚೀನಾದಲ್ಲಿ ಬೀದಿಗಿಳಿಯೋದು ಸಣ್ಣ ವಿಷಯ ಅಲ್ಲ.

ಆದರೆ ನನ್ನನ್ನು ಕೇಳಿದರೆ ಅಲ್ಲಿನ ನಿಜವಾದ ಪ್ರಾದೇಶಿಕ ಜಗಳ ಊಟದ್ದೂ ಅಲ್ಲ, ಮಾತಿನದ್ದೂ ಅಲ್ಲ. ಪರೀಕ್ಷೆಯದ್ದು. ಅದಕ್ಕೆ 600 ವರ್ಷ ದಾಟಿದೆ.

1397ರ ಮಾತು. ಮಿಂಗ್ ವಂಶದ ಮೊದಲ ಚಕ್ರವರ್ತಿ ಝು ಯುವಾನ್‌ಝಾಂಗ್ ಆಳುತ್ತಿದ್ದ. ರಾಜಧಾನಿ ಇದೇ ನಾನ್‌ಜಿಂಗ್. ಅಧಿಕಾರಿಗಳನ್ನು ಆರಿಸುವ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಪಾಸಾದವರು 50ಕ್ಕೂ ಸ್ವಲ್ಪ ಹೆಚ್ಚು ಜನ, ಅಷ್ಟೂ ದಕ್ಷಿಣದವರು. ಉತ್ತರದ ಅಭ್ಯರ್ಥಿಗಳು ಗಲಾಟೆ ಎಬ್ಬಿಸಿದರು. ಮುಖ್ಯ ಪರೀಕ್ಷಕ ಲಿಯು ಸಾನ್‌ವು ದಕ್ಷಿಣದವನು, ತನ್ನವರನ್ನೇ ಆರಿಸಿದ ಅಂತ ದೂರು. ಚಕ್ರವರ್ತಿ ಝಾಂಗ್ ಶಿನ್ ಅನ್ನುವ ವಿದ್ವಾಂಸನಿಗೂ ಇನ್ನು ಕೆಲವರಿಗೂ ಉತ್ತರಪತ್ರಿಕೆಗಳನ್ನು ಮತ್ತೆ ನೋಡಲು ಹೇಳಿದ. ಅವರು ನೋಡಿ, ತಪ್ಪೇನೂ ಆಗಿಲ್ಲ, ದಕ್ಷಿಣದವರೇ ಚೆನ್ನಾಗಿ ಬರೆದಿದ್ದಾರೆ ಅಂದರು.

ಬಹುಶಃ ಅದು ನಿಜವೇ ಇತ್ತು. ಯಾಕಂದರೆ ಪಕ್ಷಪಾತ ಮಾಡೋದು ಅಷ್ಟು ಸುಲಭ ಇರಲಿಲ್ಲ. ಮಿಂಗ್‌ಗಿಂತ ಎಷ್ಟೋ ಮುಂಚೆ ಆಳಿದ ಸಾಂಗ್ ವಂಶದ ಕಾಲದಿಂದಲೇ ಅಭ್ಯರ್ಥಿಯ ಹೆಸರು ಮುಚ್ಚಿ, ಅಕ್ಷರದ ಗುರುತು ಸಿಗದ ಹಾಗೆ ಗುಮಾಸ್ತರಿಂದ ಇಡೀ ಉತ್ತರಪತ್ರಿಕೆ ನಕಲು ಮಾಡಿಸಿ ಪರೀಕ್ಷಕರಿಗೆ ಕೊಡುವ ಪದ್ಧತಿ ಇತ್ತು. ವ್ಯತ್ಯಾಸ ಇದ್ದದ್ದು ನೆಲದಲ್ಲಿ. ಉತ್ತರ ಚೀನಾ ಶತಮಾನಗಳಿಂದ ದಾಳಿ, ಯುದ್ಧ ಕಂಡು ಸೊರಗಿತ್ತು. 1127ರಲ್ಲಿ ಸಾಂಗ್ ಆಸ್ಥಾನವೇ ದಕ್ಷಿಣಕ್ಕೆ ಓಡಿಬಂದಿತ್ತು, ಜೊತೆಗೆ ಓದಿದ ಮನೆತನಗಳೂ ಬಂದಿದ್ದವು. ಪುಸ್ತಕ, ಪಾಠಶಾಲೆ, ದುಡ್ಡು ಎಲ್ಲ ಯಾಂಗ್ಟ್ಸೆ ನದಿಯ ದಕ್ಷಿಣಕ್ಕೇ ಸೇರಿಕೊಂಡಿತ್ತು.

ಚಕ್ರವರ್ತಿಗೆ ಈ ವಿವರಣೆ ಬೇಕಿರಲಿಲ್ಲ. ಮಂಗೋಲರ ಕೈಯಿಂದ ರಾಜ್ಯ ಕಿತ್ತುಕೊಂಡು 30 ವರ್ಷವೂ ಆಗಿರಲಿಲ್ಲ. ಉತ್ತರದವರು ಮುನಿಸಿಕೊಂಡರೆ ಗಡಿ ಉಳಿಯುವುದು ಕಷ್ಟ. ಝಾಂಗ್ ಶಿನ್‌ಗೆ ಮರಣದಂಡನೆ ಆಯಿತು, ಮೊದಲ ರ‍್ಯಾಂಕ್ ಬಂದಿದ್ದವನಿಗೂ ಅದೇ ಗತಿ. 80 ದಾಟಿದ ಮುದುಕ ಲಿಯು ಸಾನ್‌ವುನನ್ನು ಗಡಿಗೆ ಗಡೀಪಾರು ಮಾಡಿದರು. ಆಮೇಲೆ ಚಕ್ರವರ್ತಿ ತಾನೇ ಆರಿಸಿ 61 ಜನರ ಹೊಸ ಪಟ್ಟಿ ಹೊರಡಿಸಿದ. ಅಷ್ಟೂ ಉತ್ತರದವರು!

ಹೀಗೆ ತಲೆ ಕಡಿಯುತ್ತಾ ಹೋದರೆ ಆಡಳಿತ ನಡೆಯಲ್ಲ, ಅಲ್ವಾ? 1427ರ ಹೊತ್ತಿಗೆ ಲೆಕ್ಕ ಹಾಕಿ ಪಾಲು ಮಾಡಿದರು. 100 ಜನ ಪಾಸಾದರೆ ದಕ್ಷಿಣದವರು 55, ಉತ್ತರದವರು 35, ಸಿಚುವಾನ್, ಯುನ್ನಾನ್‌ನಂಥ ಜಾಗಗಳನ್ನು ಸೇರಿಸಿದ 'ಮಧ್ಯ'ಕ್ಕೆ 10. ಚಿಂಗ್ ವಂಶ ಬಂದ ಮೇಲೆ ಪ್ರಾಂತ್ಯವಾರು ಸೀಟು ಗೊತ್ತುಮಾಡಿದರು. ಪರೀಕ್ಷೆ ರದ್ದಾಗಿದ್ದು 1905ರಲ್ಲಿ. ನನ್ನ ಪ್ರಕಾರ ಅಷ್ಟು ದೊಡ್ಡ ದೇಶ ಒಂದಾಗಿ ಉಳಿದಿದ್ದರಲ್ಲಿ ಈ ಹಂಚಿಕೆಯ ಪಾಲು ದೊಡ್ಡದು. ದೂರದ ಜಿಲ್ಲೆಯ ಹುಡುಗನಿಗೂ ರಾಜಧಾನಿಯಲ್ಲಿ ತನಗೊಂದು ಜಾಗ ಇದೆ ಅನ್ನುವ ಆಸೆ ಇತ್ತು.

ಈಗಿನ ಕಾಲೇಜು ಪ್ರವೇಶ ಪರೀಕ್ಷೆ, ಅಂದರೆ ಗಾವ್‌ಕಾವ್, ಅದೂ ಪ್ರಾಂತ್ಯವಾರು ಸೀಟಿನ ಮೇಲೇ ನಡೆಯುತ್ತದೆ. ಆದರೆ ಹಂಚಿಕೆ ತಿರುಗಿಬಿದ್ದಿದೆ. ಎರಡು ಅತಿ ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳು, ಪೀಕಿಂಗ್ ಮತ್ತು ಚಿಂಗ್‌ಹ್ವಾ, ಬೀಜಿಂಗಿನಲ್ಲಿವೆ. ಅವು ಬೀಜಿಂಗಿನವರಿಗೆ ಅವರ ಜನಸಂಖ್ಯೆಗೆ ಹೋಲಿಸಿದರೆ ಎಷ್ಟೋ ಹೆಚ್ಚು ಸೀಟು ಕೊಡುತ್ತವೆ. ಬೀಜಿಂಗಿನಲ್ಲಿ ಪರೀಕ್ಷೆ ಬರೆಯುವವರು ವರ್ಷಕ್ಕೆ ಒಂದು ಲಕ್ಷವೂ ಇಲ್ಲ. ಹೆನಾನಿನಲ್ಲಿ 2024ರಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು.

2016ರಲ್ಲಿ ಸರ್ಕಾರ ಒಂದು ಪ್ರಯತ್ನ ಮಾಡಿತು. ಜಿಯಾಂಗ್‌ಸು, ಹುಬೇಯಂಥ ಪ್ರಾಂತ್ಯಗಳ ಕಾಲೇಜುಗಳಲ್ಲಿ ಹಿಂದುಳಿದ ಪ್ರಾಂತ್ಯದ ಮಕ್ಕಳಿಗೆ ಸಾವಿರಾರು ಸೀಟು ತೆಗೆದಿಡಿ ಅಂದಿತು. ಜಿಯಾಂಗ್‌ಸುವಿನ ರಾಜಧಾನಿ ನಾನ್‌ಜಿಂಗ್‌ನಲ್ಲಿ ತಂದೆ-ತಾಯಂದಿರು ಶಿಕ್ಷಣ ಇಲಾಖೆಯ ಕಚೇರಿ ಮುಂದೆ ಜಮಾಯಿಸಿದರು. ನಮ್ಮ ಮಕ್ಕಳ ಪಾಲನ್ನೇ ಯಾಕೆ ಕೊಡಬೇಕು, ಬೀಜಿಂಗ್, ಶಾಂಘೈ ಕೊಡಲಿ ಅನ್ನೋದು ಅವರ ವಾದ. ನನಗೆ ಆ ಸಿಟ್ಟು ಅರ್ಥವಾಗುತ್ತದೆ, ಪೂರ್ತಿ ಒಪ್ಪಿಗೆ ಮಾತ್ರ ಇಲ್ಲ. ಜಿಯಾಂಗ್‌ಸು ಚೀನಾದ ಅತಿ ಶ್ರೀಮಂತ ಪ್ರಾಂತ್ಯಗಳಲ್ಲಿ ಒಂದು.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳೋದು ಕೂಲಿಗೆ ಬಂದವರ ಮಕ್ಕಳಿಗೆ. 1958ರ ಕಾನೂನಿನಿಂದ ಬಂದ ಹುಕೌ ಅನ್ನುವ ಮನೆನೋಂದಣಿ ಇದೆಯಲ್ಲ, ಅದು ಅಪ್ಪ-ಅಮ್ಮನ ಊರಿಗೇ ಅಂಟಿಕೊಂಡಿರುತ್ತದೆ. ಹೆನಾನಿನಿಂದ ಬಂದು ಬೀಜಿಂಗಿನಲ್ಲಿ ಕಟ್ಟಡ ಕಟ್ಟುವವರ ಮಗ ಅಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋಗಿ, ಬೀಜಿಂಗ್ ಮಾತೇ ಆಡುತ್ತಿದ್ದರೂ, ಡಿಗ್ರಿ ಕಾಲೇಜಿನ ಸೀಟಿಗಾಗಿ ಪರೀಕ್ಷೆ ಬರೆಯಲು ಹೆನಾನಿಗೇ ಹೋಗಬೇಕು. ಹಾಗಾಗಿ ಎಷ್ಟೋ ಮಕ್ಕಳನ್ನು ಹೈಸ್ಕೂಲಿನ ಹೊತ್ತಿಗೇ ಅಜ್ಜಿಯ ಊರಿಗೆ ಕಳಿಸಿಬಿಡುತ್ತಾರೆ, ಅಲ್ಲಿನ ಪಠ್ಯಕ್ಕೆ ಹೊಂದಿಕೊಳ್ಳಲಿ ಅಂತ.