ತೊರೆ ಶುದ್ಧವಾದರೂ ಜೀವಿಗಳು ಯಾಕೆ ಬಂದಿಲ್ಲ?

ಜರ್ಮನಿಯ ಎಂಶರ್ ನದಿಯ ತೊರೆಗಳಲ್ಲಿ ಕಾಂಕ್ರೀಟ್ ಕಿತ್ತು, ಕೊಳಚೆ ನಿಲ್ಲಿಸಿದ ಮೇಲೂ ಕೆಲವು ಹುಳಗಳು ಯಾಕೆ ಕಾಣಿಸ್ತಿಲ್ಲ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಮನೆ ಸಿದ್ಧವಾಗಿದೆ, ಆದರೆ ಬರುವವರು ಹತ್ತಿರದಲ್ಲಿ ಇರಬೇಕಲ್ವಾ? ಎಂಶರ್ ಸುಮಾರು ನೂರು ವರ್ಷ ತೆರೆದ ಕೊಳಚೆ ಕಾಲುವೆಯಾಗಿತ್ತು. ಅದಕ್ಕೆ ಸೇರುವ ಎಷ್ಟೋ ತೊರೆಗಳ ಗತಿಯೂ ಅದೇ. ಹಾಗಾಗಿ ಮರಳಿ ಬರಲು ಅಕ್ಕಪಕ್ಕದಲ್ಲಿ ಆ ಹುಳಗಳೇ ಉಳಿದಿರಲಿಲ್ಲ. ಜರ್ಮನಿಯಲ್ಲಿ ನದಿ-ತೊರೆಗಳನ್ನು ಸರಿಪಡಿಸಿದ 24 ಕಡೆ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: 5 ಕಿಲೋಮೀಟರ್ ಒಳಗೆ ಆ ಜೀವಿಗಳು ಇದ್ದರೆ ಮಾತ್ರ ಫಲ ಚೆನ್ನಾಗಿ ಸಿಗುತ್ತದೆ.

ಎಲ್ಲ ಜೀವಿಗಳೂ ಒಂದೇ ಥರ ಓಡಾಡುವುದಿಲ್ಲ. ಸಣ್ಣ ನೊಣದಂಥವು ಬೇಗ ಬರುತ್ತವೆ. ಮರಿಯಾಗಿ ನೀರಲ್ಲಿ ಬೆಳೆಯುವ ಮೇಫ್ಲೈ ಎಂಬ ಕೀಟಕ್ಕೆ ರೆಕ್ಕೆ ಬಂದ ಮೇಲೆ ಆಯಸ್ಸು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಅಷ್ಟರಲ್ಲಿ ಎಷ್ಟು ದೂರ ಹಾರೀತು ಪಾಪ! ಗ್ಯಾಮರಸ್ ಎಂಬ ಪುಟ್ಟ ಸಿಗಡಿಯಂಥ ಜೀವಿಗೆ ರೆಕ್ಕೆಯೇ ಇಲ್ಲ. ರಸ್ತೆ ಕೆಳಗಿನ ಪೈಪಿನ ಬಾಯಲ್ಲಿ ನೀರು ಒಂದು ಗೇಣು ಎತ್ತರದಿಂದ ಬೀಳುತ್ತಿದ್ದರೂ ಅದಕ್ಕೆ ಮೇಲೆ ಹತ್ತಲು ಆಗುವುದಿಲ್ಲ.

ಮೊದಲು ಮೇಲ್ಭಾಗದ ತೊರೆಗಳಲ್ಲಿ ಕಲ್ಲು ತಿರುಗಿಸಿ ನೋಡಿ. ಮರಳಿನ ಕಾಳು ಅಂಟಿಸಿಕೊಂಡ ಪುಟ್ಟ ಕೊಳವೆ ಕಂಡರೆ ಅದು ಕ್ಯಾಡಿಸ್ ಎಂಬ ನೀರುಹುಳದ ಮನೆ. ಅಲ್ಲಿಂದ ಕೆಳಗೆ ತೇಲಿ ಬರುವ ಆಸೆ ಇದೆ. ಸುಮ್ನೆ ಬೇರೆ ಕಡೆಯಿಂದ ಹಿಡಿದು ತಂದು ಮಾತ್ರ ಬಿಡಬೇಡಿ. ಹಾಗೆ ತಂದರೆ ರೋಗವೂ ಜೊತೆಗೆ ಬರಬಹುದು; ಕ್ರೇಫಿಶ್ ಎಂಬ ಕೊಂಡಿಯುಳ್ಳ ಸಿಹಿನೀರಿನ ಜೀವಿಗಳ ಪ್ಲೇಗ್ ರೋಗ ಒದ್ದೆ ಬೂಟಿನಲ್ಲೂ ಹರಡುತ್ತದೆ.